ಕಿರಿಯ ರಾಣಿಯ ಕೊನೆಯ ಕಂತು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಹೇಗಿದ್ದೀಯ ಎಂದು ಕೇಳಿ ಶುರುಮಾಡುವ ಅಗತ್ಯವಿಲ್ಲ. ದಿನಾ ಸಂಜೆ ಲೇಖಕಿ ಎಂದು ನಿನ್ನ ಹೆಸರು ನಮ್ಮ ಟೀವಿಯ ಮೇಲೆ ಬಂದು ಹೋಗುತ್ತದೆ, ಈಚೆಗೆ ಅದರ ಅಕ್ಷರ ಇನ್ನಷ್ಟು ದಪ್ಪವಾಗಿದೆ. ಅಂದಮೇಲೆ ಚೆನ್ನಾಗಿಯೇ ಇದ್ದೀಯ. ನಾವೂ ಇದ್ದೇವೆ. ಅಮ್ಮ ಕೆಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ನಾನು ಮಹಡಿಯ ಖಾಲಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಪತ್ರಕ್ಕೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ.

ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು, ನಿನ್ನನ್ನು ಹಾಕಲಿಲ್ಲ ಎಂಬುದು ನಿನ್ನ ಹಳೆಯ ದೂರು. ಅದರ ಫಲವಾಗಿ ನಿನ್ನಷ್ಟು ಸೊಗಸಾಗಿ ಬರೆಯಲು ನನಗೆ ಬರುವುದಿಲ್ಲ. ಅಲ್ಲಿಗೆ ಒಂದಕ್ಕೊಂದು ಸರಿಹೋಯಿತು ಎಂದುಕೊಂಡು ಓದು.

ಮೊದಲು ಮಹಡಿ ಹುಡುಗಿಯ ವಿಷಯ. ಹೋದ ವರ್ಷ ಒಬ್ಬಳು ಈ ಕೋಣೆಗೆ ಬಾಡಿಗೆಗೆ ಬಂದಳು. ನರ್ಸಿಂಗ್ ಓದುತ್ತಿದ್ದೇನೆ, ಪರೀಕ್ಷೆ ಮುಗಿಯುವವರೆಗೆ ಇರುತ್ತೇನೆ ಎಂದಳು. ಅವಳು ಪುಸ್ತಕ ಹಿಡಿದದ್ದನ್ನು ನಾನಂತೂ ಕಾಣಲಿಲ್ಲ. ಯಾವಾಗ ನೋಡಿದರೂ ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಎದುರು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು. ಅಮ್ಮ ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಗದರುವುದು, ಕಠಿಣವಾದ ಮಾತು ಆಡುವ ಮೊದಲು ಎದುರಿಗಿರುವುದನ್ನು ಅಂಗೈಯಿಂದ ಒಮ್ಮೆ ಸವರುವುದು, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಮ್ಮನಿಗೆ ಹೊಸದಾಗಿ ಒಬ್ಬ ಮಗಳು ಸಿಕ್ಕಂತಾಗಿತ್ತು. ‘ಈ ಹುಡುಗಿ ಭುಜ ಚೆನ್ನಾಗಿದೆ, ಏನು ಹಾಕಿದ್ರೂ ಕೂರತ್ತೆ’ ಎಂದು ಹೇಳಿ ಒಂದು ಕೋಟು ಹೊಲಿದುಕೊಟ್ಟಳು. ನನ್ನ ಭುಜದ ಬಗ್ಗೆ ಅಮ್ಮನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ಒಂದು ದಿನ ಕೆಲಸ ಸಿಕ್ಕಿತು ಎಂದು ಹೇಳಿ ಹುಡುಗಿ ಕೋಟು ಹಾಕಿಕೊಂಡು ಹೊರಟುಹೋದಳು.

ಆಮೇಲೆ ನಿನ್ನ ಧಾರಾವಾಹಿ ಶುರುವಾಯಿತು. ಮೊದಲ ಕಂತು ನೋಡಲು ನಾವಿಬ್ಬರೂ ಕೂತಿದ್ದೆವು. ಹೆಮ್ಮೆಯಿಂದಲೇ ಕೂತಿದ್ದೆವು, ಅದನ್ನೂ ಹೇಳಬೇಕು. ಸಾಯುತ್ತಿರುವ ಹಿರಿಯ ರಾಣಿ, ಅವಳ ಪುಟ್ಟ ಮಗಳು, ಬಾಗಿಲಲ್ಲಿ ಕಿರಿಯ ರಾಣಿ. ಆ ಕಿರಿಯ ರಾಣಿ ನಡೆದು ಬಂದು, ಸಿಂಹಾಸನದ ಕೈಯನ್ನು ಅಂಗೈಯಿಂದ ಸವರಿ ಕೂತಳು. ಮಗುವಿನ ಕಡೆ ನೋಡದೆ, ‘ನಿನ್ನ ಒಳ್ಳೇದಕ್ಕೇ ಅಲ್ವಾ ಹೇಳೋದು’ ಎಂದಳು. ಸೂಜಿಗೆ ದಾರ ಪೋಣಿಸುತ್ತಿದ್ದ ಅಮ್ಮ ತಲೆಯೆತ್ತಿದಳು. ‘ಮಹಡಿ ಹುಡುಗಿ’ ಎಂದಳು. ದಾರ ಪೋಣಿಸಿ ಮುಗಿಸಿ, ‘ಆ ಮೇಲಂಗಿಗೆ ತೋಳು ಸರಿಯಾಗಿ ಕೂರಿಸಿಲ್ಲ’ ಎಂದಳು. ಜಾಹೀರಾತು ಬಂದಾಗ ಕೇಳಿದಳು: ‘ಅದು ನಾನೇನೇ?’

ಎಲ್ಲಾ ರಾಣಿಯರೂ ಹಾಗೇ ಇರ್ತಾರಮ್ಮ ಎಂದೆ. ‘ಇತಿಹಾಸ ಓದೋಳು ನೀನು, ನಿಂಗೆ ಗೊತ್ತಿರತ್ತೆ ಬಿಡು’ ಎಂದಳು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಆದರೆ ಒಂದು ಕಂತನ್ನೂ ತಪ್ಪಿಸಲಿಲ್ಲ.

ಪಾತ್ರ ಕಲಿಯಲು ಲೇಖಕಿಯೇ ತನಗೊಂದು ಮನೆ ತೋರಿಸಿದರು ಎಂದು ಆ ನಟಿ ವಾರಪತ್ರಿಕೆಯೊಂದರಲ್ಲಿ ಸಂತೋಷದಿಂದ ಹೇಳಿಕೊಂಡಿದ್ದಳು. ದಂತವೈದ್ಯರ ಬಳಿ ಕಾಯುತ್ತ ಕೂತಾಗ ಓದಿದೆ. ಹಲ್ಲು ನೋವು ಮರೆತೇಹೋಯಿತು.

ಇನ್ನು ಆ ರಾಣಿಯನ್ನು ನಿನಗೆ ಕೊಟ್ಟವಳೇ ನಾನು. ಪತ್ರಿಕೆಯಲ್ಲಿ ನಾನು ಪ್ರತಿ ವಾರ ಬರೆಯುವ ಇತಿಹಾಸದ ಕುತೂಹಲಗಳ ಅಂಕಣವನ್ನು ನೀನು ‘ನಿನ್ನ ಹಳೇ ಸಾಮಾನಿನ ಅಂಗಡಿ’ ಎನ್ನುತ್ತಿದ್ದೆ. ಅಲ್ಲಿಗೆ ಬರುವ ಮೊದಲೇ ಅವಳ ಕಥೆಯನ್ನು ನಿನಗೆ ಫೋನಿನಲ್ಲಿ ಹೇಳಿದ್ದೆ. ಕಿರಿಯ ರಾಣಿ ತನ್ನದಲ್ಲದ ಮಗಳ ಹೆಸರಿನಲ್ಲಿ ರಾಜ್ಯ ನಡೆಸಿ, ಮಗಳು ದೊಡ್ಡವಳಾದ ದಿನ ಮುದ್ರೆಯುಂಗುರ ಅವಳ ಕೈಗಿಟ್ಟು ಸರಿದಳು. ಇಬ್ಬರೂ ಸತ್ತು ಎಷ್ಟೋ ಕಾಲದ ಮೇಲೆ ಯಾರೋ ಒಬ್ಬ ಆಸ್ಥಾನದವನು, ಮಲತಾಯಿ ಮಗಳಿಗೆ ವಿಷ ಹಾಕಿದಳು ಎಂದು ಬರೆದ. ವಿಷ ಕುಡಿದ ಆ ಮಗಳು ಹಣ್ಣುಹಣ್ಣು ಮುದುಕಿಯಾಗುವ ತನಕ ಆಳಿದಳು. ತನ್ನ ಸಮಾಧಿಗೆ ಮಲತಾಯಿಯ ಪಕ್ಕದಲ್ಲೇ ಜಾಗ ಕಾದಿರಿಸಿಕೊಂಡಳು. ಎರಡು ಸಮಾಧಿಗಳ ಕಲ್ಲೂ ಒಂದೇ. ನಾನೇ ಹೋಗಿ ಮುಟ್ಟಿ ನೋಡಿದ್ದೇನೆ. ಇದನ್ನು ಕೇಳಿ ನೀನು ‘ಅಬ್ಬಾ, ಎಂಥ ಕಥೆ ಕಣೇ’ ಎಂದೆ. ಆ ಅಬ್ಬಾ ಕೇಳಿ ನಾನು ಒಂದು ವಾರ ಉಬ್ಬಿಹೋಗಿದ್ದೆ. ನಿನಗೆ ಬೇಕಾದದ್ದು ವಿಷ ಮಾತ್ರ ಎಂದು ತಿಳಿದದ್ದು ಪರದೆಯ ಮೇಲೆ ನೋಡಿದಾಗ.

ನನ್ನ ಅಂಕಣದಲ್ಲಿ ಒಮ್ಮೆ ಬರೆದಿದ್ದೆ: ಸಾವಿರ ವರ್ಷಕ್ಕೂ ಹಿಂದೆ, ಕ್ರೈಸ್ತ ಧರ್ಮಗುರುವೊಬ್ಬ ಸತ್ತ ಕೆಲವು ತಿಂಗಳ ಮೇಲೆ ಅವನ ಹೆಣವನ್ನು ಗೋರಿಯಿಂದ ತೆಗೆಸಿ, ಪೀಠದ ಉಡುಪು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ನಡೆಸಿದರು. ಹೆಣದ ಪರವಾಗಿ ಉತ್ತರ ಹೇಳಲು ಕಿರಿಯ ಪಾದ್ರಿಯೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿದ್ದರು. ತೀರ್ಪು ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳು ‘ಪಾಪ, ಹೆಣಕ್ಕೆ ಬಾಯಿ ಇದ್ದಿದ್ರೆ ಏನು ಹೇಳ್ತಿತ್ತೋ’ ಎಂದಿದ್ದಳು. ನಿನ್ನ ಧಾರಾವಾಹಿ ನೋಡುತ್ತ ನನಗೆ ದಿನವೂ ಅದೇ ನೆನಪು. ನೀನು ಅಮ್ಮನನ್ನು ಬದುಕಿರುವಾಗಲೇ ಎಬ್ಬಿಸಿ, ರಾಣಿಯ ಉಡುಪು ತೊಡಿಸಿ ಕೂರಿಸಿದೆ. ಪ್ರಶ್ನೆಯೂ ನಿನ್ನದು, ಉತ್ತರವೂ ನಿನ್ನದು.

ಆದರೂ ಸುಮ್ಮನಿದ್ದೆ. ನಿನ್ನ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ನೀನು ನಾಟಕ ಕಂಪನಿಗೆ ಹೊರಟ ದಿನ ಅಮ್ಮ ನಿನ್ನನ್ನು ಹೊಲಿಗೆ ಕೋಣೆಗೆ ತಳ್ಳಿ ಬೀಗ ಹಾಕಿದ್ದು ಸುಳ್ಳಲ್ಲ. ನೀನು ಬಾಗಿಲು ಬಡಿಯುತ್ತಿದ್ದೆ, ನಾನು ಹೊರಗೆ ಮೆಟ್ಟಿಲ ಮೇಲೆ ಶಾಲೆಯ ಚೀಲ ತಬ್ಬಿಕೊಂಡು ಕೂತಿದ್ದೆ. ಕಂಪನಿಯ ವ್ಯಾನು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆದು ಹೊಡೆದು ಹೋಯಿತು. ಅಮ್ಮ ಒಂದು ಕೈಯನ್ನು ಚಿಲಕದ ಮೇಲಿಟ್ಟು ನಿಂತೇ ಇದ್ದಳು. ತೆಗೆಯಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ‘ಹೆದರಿಕೆ ಆಯ್ತು ಕಣೇ. ಅವಳು ಹೋದ್ರೆ ಚಿಕ್ಕಮ್ಮ ಓಡಿಸಿಬಿಟ್ಲು ಅಂತಾರಲ್ಲ ಜನ’ ಎಂದಳು. ಚಿಕ್ಕಮ್ಮ ಕೆಟ್ಟವಳು ಅನ್ನಿಸಿಕೊಳ್ಳಬಾರದೆಂದು ಮಾಡಿದ ಕೆಲಸವೇ ಅವಳನ್ನು ಕೆಟ್ಟ ಚಿಕ್ಕಮ್ಮನನ್ನಾಗಿ ಮಾಡಿತು. ಕಾರಣ ಇದ್ದಮಾತ್ರಕ್ಕೆ ಬೀಗ ಬೀಗವಲ್ಲ ಎಂದಾಗುವುದಿಲ್ಲ, ಗೊತ್ತು. ಜೊತೆಗೆ ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು, ನೀನು ದೊಡ್ಡಮ್ಮನ ಮಗಳು, ನನ್ನ ಸಾಕ್ಷಿಗೆ ನೀನು ಬೆಲೆ ಕೊಡಬೇಕಾಗಿಯೂ ಇಲ್ಲ. ಹೀಗೆಲ್ಲ ಯೋಚಿಸಿಯೇ ತಿಂಗಳುಗಟ್ಟಲೆ ಸುಮ್ಮನಿದ್ದೆ.

ಒಂದು ಶನಿವಾರ ಅಮ್ಮನ ಹಳೆಯ ಗಿರಾಕಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಶಾಲೆಯ ಸಮವಸ್ತ್ರಕ್ಕೆ ಅಳತೆ ಕೊಡಬೇಕಿತ್ತು. ಅಮ್ಮ ಅಳತೆ ಟೇಪು ಹಿಡಿದು ಬಗ್ಗಿ, ಕೊರಳ ಸುತ್ತು ತೆಗೆದುಕೊಳ್ಳಲು ಹೋದಾಗ ಮಗು ಕಿರುಚಿತು. ಅಜ್ಜಿಯ ಹಿಂದೆ ಬಚ್ಚಿಟ್ಟುಕೊಂಡು, ‘ವಿಷದ ರಾಣಿ, ವಿಷದ ರಾಣಿ’ ಎಂದು ಅತ್ತಿತು. ಗಿರಾಕಿ ನಗಲು ನೋಡಿದಳು. ‘ಮಕ್ಕಳು ನೋಡಿ, ಟೀವಿ ನೋಡಿ ನೋಡಿ. ನೀವೂ ಸ್ವಲ್ಪ ಹಾಗೇ ಕಾಣ್ತೀರಪ್ಪ’ ಎಂದಳು. ಆಮೇಲೆ, ‘ಅಂಗಡಿಯಲ್ಲೇ ರೆಡಿಮೇಡ್ ತಗೊಂಡ್ಬಿಡ್ತೀವಿ’ ಎಂದು ಹೊರಟಳು. ಅಮ್ಮ ಟೇಪನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಅವತ್ತು ಸಂಜೆಯೂ ಟೀವಿ ಹಾಕಿದಳು. ನಾನು ಅವಳ ಮುಖ ನೋಡಲಿಲ್ಲ.

ಅಲ್ಲಿಂದ ನಾನು ಸುಮ್ಮನಿರಲಿಲ್ಲ ಅಕ್ಕ. ಈಗ ಕೂತುಕೋ.

ನೀನು ಬರೆದದ್ದನ್ನೆಲ್ಲ ತಿದ್ದಿಸುತ್ತ ನಿನ್ನ ಬೆನ್ನು ಹತ್ತಿದ್ದ ಆ ಇತಿಹಾಸದ ಪಂಡಿತ ನಾನೇ.

ಧಾರಾವಾಹಿ ಸುಳ್ಳು ಹೇಳುತ್ತಿದೆ, ಸಮಾಧಿ ನೋಡಿಕೊಳ್ಳುವ ನಮಗೆ ಅವಮಾನವಾಗಿದೆ ಎಂದು ಚಾನೆಲ್‌ಗೆ ಒಂದು ದೂರು ಹೋಯಿತಲ್ಲ, ಅದನ್ನು ಬರೆದವರು ನನ್ನ ಅಂಕಣದ ಓದುಗರು. ಬರೆಯಿರಿ ಎಂದು ನಾನು ಹೇಳಿರಲಿಲ್ಲ. ಕಳಿಸುವ ಮೊದಲು ನನಗೆ ತೋರಿಸಿದರು. ಬೇಡ ಎಂದು ಹೇಳಲಿಲ್ಲ, ಎರಡು ಕಡೆ ಭಾಷೆ ಇನ್ನಷ್ಟು ಚುರುಕು ಮಾಡಿಕೊಟ್ಟೆ. ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ನಾನು ಮಾಡಿರುವುದು, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಕೇಳುವ ಕೆಲಸ. ಈ ಬೆಂಕಿಯ ಕ್ಲೇಮು ನನ್ನ ಮೇಜಿಗೆ ಬಂದಿದ್ದರೆ ನಾನು ಪಾಸು ಮಾಡುತ್ತಿರಲಿಲ್ಲ.

ಚಾನೆಲ್‌ನವರು ಹೆದರಿದರು. ಇತಿಹಾಸ ಬಲ್ಲವರು ಯಾರಾದರೂ ಬರೆದದ್ದನ್ನು ಮೊದಲೇ ಓದಿ ತಿದ್ದಲಿ ಎಂದು ನಿರ್ಮಾಪಕರು ನನ್ನನ್ನು ಕೇಳಿದರು. ನಾನು ಯಾರ ತಂಗಿ ಎಂದು ಅವರಿಗೆ ಗೊತ್ತಿಲ್ಲ. ಹೆಸರು ಯಾರಿಗೂ ತಿಳಿಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ.

ಆ ದಿನಗಳಲ್ಲಿ ನೀನು ನನಗೆ ಎಷ್ಟು ಸಲ ಫೋನ್ ಮಾಡಿದೆ, ನೆನಪಿದೆಯೇ? ‘ಯಾವನೋ ಪಂಡಿತ ಬಂದು ವಕ್ಕರಿಸಿದಾನೆ ಕಣೇ. ದೀಪದ ಬತ್ತಿಗೂ ದಾಖಲೆ ಕೇಳ್ತಾನೆ. ಮನೇಲಿ ಹೆಂಡ್ತಿ ಕಾಟ ಇರ್ಬೇಕು, ಅದನ್ನ ನನ್ನ ಮೇಲೆ ತೀರಿಸ್ಕೊಳ್ತಾನೆ’ ಎಂದೆ. ಮದುವೆಯೇ ಆಗಿಲ್ಲವೇನೋ ಎಂದೆ ನಾನು. ಅದಕ್ಕೆ ನೀನು ನಕ್ಕೆ. ನಿನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತ ನಿನ್ನನ್ನು ನಗಿಸುವುದು ಇಷ್ಟು ಸುಖವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ರಾಜಕುಮಾರಿ ಕನ್ನಡಿಯ ಮುಂದೆ ನಿಂತು ತನ್ನ ಸತ್ತ ತಾಯಿಯ ಜೊತೆ ಮಾತಾಡುವ ದೃಶ್ಯವನ್ನು ನೀನು ಎಷ್ಟು ಮುದ್ದಿನಿಂದ ಬರೆದಿದ್ದೆ. ಆ ಕಾಲದಲ್ಲಿ ಅಷ್ಟು ದೊಡ್ಡ ಗಾಜಿನ ಕನ್ನಡಿ ಇರಲಿಲ್ಲ ಎಂದು ಟಿಪ್ಪಣಿ ಹಾಕಿ ತೆಗೆಸಿದೆ. ಇದ್ದಿರಲೂಬಹುದು. ನನಗೆ ಖಚಿತವಿರಲಿಲ್ಲ. ಹುಡುಕಿ ನೋಡಲೂ ಇಲ್ಲ. ಅದು ನಿನಗೆ ತುಂಬ ಇಷ್ಟವಾದ ದೃಶ್ಯ ಎಂಬುದಷ್ಟು ಖಚಿತವಾಗಿ ಗೊತ್ತಿತ್ತು.

ನಡುವೆ ಒಂದು ವಿಚಿತ್ರ ನಡೆಯಿತು. ಕಿರಿಯ ರಾಣಿ ರಾಜಕುಮಾರಿಯನ್ನು ನೇಯ್ಗೆಯ ಕೋಣೆಗೆ ತಳ್ಳಿ ಬೀಗ ಹಾಕುವ ಕಂತು. ಬೀಗ ಹಾಕಿ ಅವಳು ಗಹಗಹಿಸಿ ನಗಬೇಕೆಂದು ನೀನು ಬರೆದಿದ್ದೆ. ಪರದೆಯ ಮೇಲೆ ಅವಳು ನಗಲಿಲ್ಲ. ಒಂದು ಕೈಯನ್ನು ಚಿಲಕದ ಮೇಲಿಟ್ಟು ನಿಂತುಬಿಟ್ಟಳು. ತೆಗೆಯಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಅಮ್ಮನ ಪಕ್ಕ ಕೂತು ನೋಡುತ್ತಿದ್ದ ನಾನು ಕುರ್ಚಿಯ ತುದಿಗೆ ಸರಿದೆ. ನೀನೇ ಬರೆದೆ ಎಂದುಕೊಂಡು ಆ ಒಂದು ವಾರ ನಿನ್ನನ್ನು ಅರ್ಧ ಕ್ಷಮಿಸಿದ್ದೆ. ಆಮೇಲೆ ನೀನೇ ಫೋನ್ ಮಾಡಿ ರೇಗಿದೆ: ‘ನಾನು ಬರೆದಿದ್ದೇ ಬೇರೆ, ಆ ಹುಡುಗಿ ಮಾಡಿದ್ದೇ ಬೇರೆ. ಈಗ ಜನ ಆ ಹೆಂಗಸಿಗೆ ಅಯ್ಯೋ ಪಾಪ ಅಂತಾರೆ, ನನ್ನ ರಾಜಕುಮಾರಿನ ಕೇಳೋರಿಲ್ಲ.’ ಹೌದಲ್ಲ, ನೀನು ಬಾಗಿಲಿನ ಒಳಗಿದ್ದೆ. ಹೊರಗೆ ನಿಂತವಳನ್ನು ನೀನು ನೋಡಿರಲು ಸಾಧ್ಯವೇ ಇರಲಿಲ್ಲ. ಕಾಕತಾಳೀಯ ಎಂದುಕೊಂಡು ಅರ್ಧ ಕ್ಷಮೆಯನ್ನು ವಾಪಸು ತೆಗೆದುಕೊಂಡೆ.

ಇನ್ನು ಕೊನೆಯ ಕಂತು. ಊರಿನ ಜನ ಕಿರಿಯ ರಾಣಿಗೆ ಕಲ್ಲು ಹೊಡೆಯಬೇಕು, ಅವಳು ತನ್ನ ವಿಷವನ್ನೇ ಕುಡಿದು ಸಾಯಬೇಕು, ಪಟ್ಟಕ್ಕೆ ಬಂದ ರಾಜಕುಮಾರಿ ಕಿಟಕಿಯಿಂದ ನೋಡಬೇಕು ಎಂದು ನೀನು ಬರೆದು ಕಳಿಸಿದ್ದೆ. ಅದನ್ನು ಓದಿದಾಗ ನನಗೆ ಕಾಣಿಸಿದ್ದು ಅಳತೆ ಟೇಪು. ಎರಡು ಸಮಾಧಿಗಳ ಚಿತ್ರ ಲಗತ್ತಿಸಿ ಟಿಪ್ಪಣಿ ಬರೆದೆ: ಮಗಳು ಪಟ್ಟಕ್ಕೆ ಬಂದ ಮೇಲೆ ಸತ್ಯ ತಿಳಿದು, ತುಂಬಿದ ಸಭೆಯಲ್ಲಿ ಮಂಡಿಯೂರಿ ಮಲತಾಯಿಯ ಕ್ಷಮೆ ಕೇಳಿದಳು, ಮಲತಾಯಿ ಕ್ಷಮಿಸಿ, ಅರಮನೆಯ ಮುಂಬಾಗಿಲಿನಿಂದ ತಲೆಯೆತ್ತಿ ಹೊರಗೆ ನಡೆದಳು, ಇದನ್ನು ಬದಲಾಯಿಸಿದರೆ ನಾನು ಹೊಣೆಯಲ್ಲ. ಚಾನೆಲ್ ನಿನಗೆ ಬೇರೆ ದಾರಿ ಬಿಡಲಿಲ್ಲ.

ಮಂಡಿಯೂರಿದಳು ಎಂದು ಎಲ್ಲಿಯೂ ಇಲ್ಲ ಅಕ್ಕ. ಸಮಾಧಿ ನಿಜ, ಮಂಡಿ ನನ್ನದು. ಇತಿಹಾಸದ ಹೆಸರಿನಲ್ಲಿ ನೀನು ವಿಷ ಸೇರಿಸಿದೆ, ನಾನು ಮಂಡಿ ಸೇರಿಸಿದೆ. ಇದು ನನಗೆ ಕಾಣುವುದಿಲ್ಲ ಎಂದುಕೊಳ್ಳಬೇಡ. ಕಂಡೂ ಮಾಡಿದೆ.

ನೀನು ಫೋನಿನಲ್ಲಿ ಅತ್ತೆ. ‘ಆ ಹೆಂಗಸಿನ ಮುಂದೆ ನನ್ನ ಹುಡುಗಿನ ಮಂಡಿಯೂರಿಸಬೇಕಂತೆ ಕಣೇ. ಕೈ ಬರ್ತಿಲ್ಲ’ ಎಂದೆ. ಬರೆಯಲೇಬೇಕಾದರೆ ಚೆನ್ನಾಗಿ ಬರಿ ಎಂದೆ. ನೀನು ಬರೆದ ಹಾಳೆಗಳು ಮೊನ್ನೆ ಬಂದವು. ಚೆನ್ನಾಗಿವೆ. ‘ಬಾಗಿಲ ಆಚೆ ನೀವಿದ್ದಿರಿ ಎಂದು ನನಗೆ ತಿಳಿಯಲಿಲ್ಲ’ ಎಂಬ ಸಾಲು ಓದಿ ನಾನು ಕನ್ನಡಕ ತೆಗೆದಿಟ್ಟೆ. ಒಂದಕ್ಷರವನ್ನೂ ತಿದ್ದಿಲ್ಲ. ನಿನ್ನ ಕೈಯಿಂದಲೇ, ನಿನ್ನ ಮಾತಿನಲ್ಲೇ, ಊರೆಲ್ಲ ನೋಡುವ ಹಾಗೆ ನೀನು ಅಮ್ಮನ ಕ್ಷಮೆ ಕೇಳುತ್ತಿದ್ದೀಯ. ನನಗೆ ಬೇಕಾಗಿದ್ದು ಅಷ್ಟೇ.

ನಿನ್ನೆ ಆ ಹಾಳೆಗಳನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಕಾಲರಿಗೆ ಇಸ್ತ್ರಿ ಹಾಕುತ್ತ ಕೇಳಿಸಿಕೊಂಡಳು. ‘ಮಾತು ಚೆನ್ನಾಗಿದೆ. ಆದ್ರೆ ಅವಳಾಗಿ ಬರೆದಿದ್ದಲ್ಲ ಇದು, ಯಾರೋ ಕೂರಿಸಿ ಬರೆಸಿದ್ದು’ ಎಂದಳು. ಯಾರು ಬರೆಸ್ತಾರಮ್ಮ ಎಂದೆ. ಅಮ್ಮ ಇಸ್ತ್ರಿ ಮೇಜನ್ನು ಅಂಗೈಯಿಂದ ಒಮ್ಮೆ ಸವರಿದಳು. ಮುಂದೆ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಮುಂದಿನ ಕಾಲರು ತೆಗೆದುಕೊಂಡಳು.

ನಾಳೆ ಚಿತ್ರೀಕರಣ. ನೀನಂತೂ ಹಾಳೆ ಕಳಿಸಿ ಕೈ ತೊಳೆದುಕೊಳ್ಳುತ್ತೀಯ, ಸೆಟ್ಟಿನ ಕಡೆ ತಲೆ ಹಾಕಿ ಎಷ್ಟು ಕಾಲವಾಯಿತೋ. ನಾನು ರಜೆ ಹಾಕಿ ಹೋಗುತ್ತಿದ್ದೇನೆ. ಶುಕ್ರವಾರ ಸಂಜೆ ಕಂತು ಬರುವಾಗ ನೀನು ಅಲ್ಲಿ ನೋಡು, ನಾವು ಇಲ್ಲಿ ನೋಡುತ್ತೇವೆ. ನೀನು ಮಂಡಿಯೂರುವುದನ್ನು ಅಮ್ಮ ಕಣ್ಣಾರೆ ನೋಡಲಿ. ಬೇಕಾದರೆ ರೆಡಿಮೇಡ್ ಕೊಳ್ಳಲು ಹೊರಟ ಆ ಅಜ್ಜಿ ಮೊಮ್ಮಗಳನ್ನೂ ಮನೆಗೆ ಕರೆಯುತ್ತೇನೆ.

ಇದನ್ನು ಓದಿ ನೀನು ನನ್ನ ಜೊತೆ ಮಾತು ಬಿಡಬಹುದು. ಬಿಡು. ಚಿಕ್ಕಂದಿನಲ್ಲಿ ಎಲ್ಲಿಗೆ ಹೋದರೂ ಹಿಂದೆ ಬರುತ್ತೇನೆಂದು ನನ್ನನ್ನು ಬಾಲ ಎಂದು ಕರೆಯುತ್ತಿದ್ದೆ. ಈ ಸಲವೂ ಹಿಂದೆಯೇ ಇದ್ದೆ, ನೀನು ತಿರುಗಿ ನೋಡಲಿಲ್ಲ ಅಷ್ಟೇ.

ಇಂತು ನಿನ್ನ
ಬಾಲ

ಮರೆತ ಮಾತು (ಸೋಮವಾರ ಸಂಜೆ):

ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಸೆಟ್ಟಿನಿಂದ ಈಗ ಬಂದೆ. ರಾಜಕುಮಾರಿ ಮಂಡಿಯೂರಿ ನಿನ್ನ ಮಾತುಗಳನ್ನೆಲ್ಲ ಹೇಳಿದಳು. ಲೈಟ್ ಹಿಡಿದವರೂ ಕಣ್ಣೊರೆಸಿಕೊಂಡರು. ಈಗ ಮಹಡಿ ಹುಡುಗಿ ‘ಕ್ಷಮಿಸಿದೆ ಮಗಳೇ’ ಎನ್ನಬೇಕು. ಅನ್ನಲಿಲ್ಲ. ರಾಜಕುಮಾರಿಯನ್ನು ಹಾಗೇ ನೋಡಿದಳು, ನಡೆದು ಹೋಗಿ ಬಾಗಿಲ ಚಿಲಕವನ್ನು ಅಂಗೈಯಿಂದ ಸವರಿದಳು, ತೆಗೆದು ಹೊರಗೆ ಹೋದಳು. ನಿರ್ದೇಶಕರು ಓಡಿ ಬಂದು ಮಾತು ಎಲ್ಲಮ್ಮಾ ಎಂದರು. ‘ಅಮ್ಮ ಬೇಡ ಅಂದ್ರು’ ಎಂದಳು. ಯಾರ ಅಮ್ಮ ಎಂದು ಎಲ್ಲರೂ ಅವಳ ಮುಖ ನೋಡಿದರು. ಅವಳು ನನ್ನ ಮುಖ ನೋಡಿದಳು. ನಿರ್ದೇಶಕರು ದೃಶ್ಯವನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಇದೇ ಇರಲಿ ಎಂದರು.

ಮೊದಲ ವಾರ ಟೀವಿಯಲ್ಲಿ ತನ್ನನ್ನು ತಾನು ನೋಡಿಕೊಂಡು ನಾಚಿಕೆಯಾಗಿ, ಆ ಹುಡುಗಿ ತಪ್ಪಾಯಿತು ಎಂದು ಹೇಳಲು ಮನೆಗೆ ಬಂದಿದ್ದಳಂತೆ. ಆಮೇಲೆ ನಾನು ಕಚೇರಿಗೆ ಹೋದಾಗಲೆಲ್ಲ ಬಂದು ಹೋಗುತ್ತಿದ್ದಾಳೆ. ಚಿಲಕದ ಮೇಲೆ ಕೈ ಇಟ್ಟು ಹೇಗೆ ನಿಲ್ಲಬೇಕೆಂದು ಅಮ್ಮನೇ ಎದ್ದು, ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು ತೋರಿಸಿಕೊಟ್ಟಳಂತೆ. ಕ್ಷಮಿಸಿದೆ ಅನ್ನಬೇಡ ಎಂದು ನಿನ್ನೆ ರಾತ್ರಿ ಅಮ್ಮನೇ ಅವಳಿಗೆ ಫೋನ್ ಮಾಡಿ ಹೇಳಿದಳಂತೆ.

ಅಮ್ಮನನ್ನು ಕೇಳಿದೆ. ಯಂತ್ರ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ‘ಅವಳು ನನ್ನ ಕೂರಿಸಿ ಬೈದ್ಲು, ನೀನು ಅವಳ ಕೂರಿಸಿ ಕ್ಷಮೆ ಕೇಳಿಸ್ದೆ. ನನ್ನ ಪರವಾಗಿ ಉತ್ತರ ಹೇಳೋಕೆ ನಿಮ್ಮಿಬ್ಬರಿಗೂ ಯಾರು ಹೇಳಿದ್ರು? ನಾನೇನು ಹೆಣವಾ?’ ಎಂದಳು. ಹೊಲಿಗೆಯ ಸಾಲು ಮುಗಿಸಿ ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು. ನಿನಗೆ ಬರೆಯುತ್ತಿರುವುದು ಅವಳಿಗೆ ಹೇಗೆ ಗೊತ್ತಾಯಿತೋ ತಿಳಿಯದು. ಇದನ್ನು ಸೇರಿಸು ಎಂದಳು, ಅವಳು ಹೇಳಿದ ಹಾಗೇ ಸೇರಿಸಿದ್ದೇನೆ:

‘ಟೀವಿಯಲ್ಲಿ ಕೇಳಿದ್ಲು, ಟೀವಿಯಲ್ಲೇ ಉತ್ತರ ಕೊಟ್ಟಾಯ್ತು. ಮನೆಗೆ ಬಂದು ಕೇಳಿದ್ರೆ ಮನೇಲಿ ಹೇಳ್ತೀನಿ. ಬಾಗಿಲಿಗೆ ಬೀಗ ಹಾಕಿಲ್ಲ ಅಂತ ಬರಿ.’